ತರಬೇತಿ ಮುಗಿಯಿತು, ಕೆಲಸ ಬಂತೇ?

(ಚಿಕ್ಕಮಗಳೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾರ್ಯದರ್ಶಿಗಳು ಕಳುಹಿಸಿದ ಪತ್ರದಲ್ಲಿ ನನಗೆ ಕೊಟ್ಟ ವಿಷಯ "ವಿವಿಧ ಜ್ಞಾನಶಾಖೆಗಳಲ್ಲಿ ಉದ್ಯೋಗಸ್ಥಳ ತರಬೇತಿಯ ಪರಿಣಾಮಕಾರಿತ್ವದ ಮೌಲ್ಯಮಾಪನ" ಎಂದಿತ್ತು. ಓದಿ ಮುಗಿಸುವಷ್ಟರಲ್ಲಿ ನನಗೇ ಉಸಿರು ಕಟ್ಟಿತು. ಮನೆಯಲ್ಲಿ ನನ್ನ ಹೆಂಡತಿಗೆ ತೋರಿಸಿದೆ. "ಟ್ರೈನಿಂಗ್‌ಗೆ ಹೋಗಿ ಬಂದವರಿಗೆ ಕೆಲಸ ಬಂತೋ ಇಲ್ಲವೋ ಅಂತ ಕೇಳಿದ್ದಾರೆ, ಅಷ್ಟೇ ತಾನೆ?" ಎಂದಳು. ಅಷ್ಟೇ. ನಾನು ಇವತ್ತು ಮಾತನಾಡುವುದು ಅವಳು ಕೊಟ್ಟ ವಿಷಯದ ಮೇಲೆ.

ಈಗ ಯಾವ ಕೋರ್ಸಿಗೆ ಸೇರಿದರೂ ಇಂಟರ್ನ್‌ಶಿಪ್ ಎಂಬ ಮಾತು ಬರುತ್ತದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಪಠ್ಯಕ್ರಮ ಎಷ್ಟು ಸಲ ಬದಲಾದರೂ ಆ ಪದ ಮಾತ್ರ ಹೋಗಲಿಲ್ಲ. ಇಂಜಿನಿಯರಿಂಗ್ ಓದುವವರಿಗೆ ಇದೆ, ತೋಟಗಾರಿಕೆ ಓದುವವರಿಗೆ ಇದೆ, ಬಿ.ಎಡ್.ಗೆ ಇದೆ, ಫಾರ್ಮಸಿಗೆ ಇದೆ. ನಮ್ಮ ಸಂಘ ಕೊಡುವ ವಿದ್ಯಾರ್ಥಿವೇತನದಲ್ಲಿ ಒಂದು ಪಾಲು ಈ ತರಬೇತಿಯ ತಿಂಗಳುಗಳ ಊಟ, ರೂಮು, ಬಸ್ ಚಾರ್ಜಿಗೆ ಹೋಗುತ್ತದೆ. ಹಾಗಾದರೆ ಆ ತಿಂಗಳುಗಳಲ್ಲಿ ಏನಾಯಿತು ಎಂದು ಕೇಳುವ ಹಕ್ಕು ನಮಗಿದೆ. ಆದರೆ ನಾವು ಇದುವರೆಗೆ ಕೇಳಿದ್ದು ಒಂದೇ ಮಾತು: "ಸರ್ಟಿಫಿಕೇಟ್ ತಂದಿದ್ದೀಯಾ?"

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕಾಫಿ, ಮೆಣಸಿನ ವ್ಯಾಪಾರ ಮಾಡುವವರು ಅನೇಕರಿದ್ದೀರಿ. ನಿಮ್ಮ ಅಂಗಡಿಗೆ ಒಬ್ಬ ಬೆಳೆಗಾರ ಐವತ್ತು ಕೆ.ಜಿ.ಯ ಚೆರಿ ಮೂಟೆ ತಂದರೆ ನೀವು ಮೂಟೆಯ ತೂಕ ನೋಡಿ ದುಡ್ಡು ಎಣಿಸುವುದಿಲ್ಲ. ಸ್ಯಾಂಪಲ್ ತೆಗೆಯುತ್ತೀರಿ, ಸಿಪ್ಪೆ ಬಿಡಿಸುತ್ತೀರಿ, ಒಳಗಿನ ಬೀಜವನ್ನು ತೂಗುತ್ತೀರಿ, ತೇವಾಂಶ ನೋಡುತ್ತೀರಿ. ಐವತ್ತು ಕೆ.ಜಿ.ಗೆ 26 ಬಂದರೆ ಒಂದು ಬೆಲೆ, 24 ಬಂದರೆ ಇನ್ನೊಂದು. ಔಟ್‌ಟರ್ನ್ ನೋಡದೆ ಚೆರಿ ಕೊಳ್ಳುವ ವ್ಯಾಪಾರಿ ಈ ಜಿಲ್ಲೆಯಲ್ಲಿ ಒಂದು ಸೀಸನ್ ಕೂಡ ಬದುಕುವುದಿಲ್ಲ. ತರಬೇತಿಯ ವಿಷಯದಲ್ಲಿ ಮಾತ್ರ ನಾವು ಮೂಟೆಯನ್ನೇ ತೂಗುತ್ತಿದ್ದೇವೆ. ಎಷ್ಟು ದಿನ ಹೋದ, ಎಷ್ಟು ವಾರ ಹೋದ, ಸೀಲು ಇದೆಯೇ, ಸಹಿ ಇದೆಯೇ. ಸಿಪ್ಪೆ ಬಿಡಿಸಿ ನೋಡಿದವರು ಯಾರೂ ಇಲ್ಲ.

ನಾನೂ ನೋಡಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ವಾಣಿಜ್ಯಶಾಸ್ತ್ರದ ಅಧ್ಯಾಪಕನಾಗಿದ್ದವನು. ಕಾಲೇಜಿನ ಹೆಸರು ಬೇಡ. 2011ರ ಸುಮಾರಿಗೆ ಅಂತಿಮ ವರ್ಷದ ವಿದ್ಯಾರ್ಥಿಗಳ ತರಬೇತಿ ವರದಿಗಳಿಗೆ ಮಾರ್ಗದರ್ಶಕನಾಗಿ ಸಹಿ ಹಾಕುವ ಕೆಲಸ ನನ್ನದಾಗಿತ್ತು. ಒಂದು ಬಾರಿ ಮೂವರು ವಿದ್ಯಾರ್ಥಿಗಳು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಮೇಲೆ ಬರೆದ ವರದಿ ನನ್ನ ಮೇಜಿಗೆ ಬಂತು. ಮೂರರಲ್ಲೂ ಪುಟಕ್ಕೆ ಪುಟ ಒಂದೇ. ಇಂಗ್ಲಿಷಿನಲ್ಲಿ ಕಾಫಿಯ 'ಹಸ್ಕ್' ಬೇರ್ಪಡಿಸುವ ಯಂತ್ರ ಎಂದು ಇರಬೇಕಾದ ಕಡೆ ಮೂರರಲ್ಲೂ 'ಹಸ್ಬೆಂಡ್' ಬೇರ್ಪಡಿಸುವ ಯಂತ್ರ ಎಂದು ಟೈಪಾಗಿತ್ತು. (ತಾಯಂದಿರು ನಗುತ್ತಿದ್ದೀರಿ. ಅಂಥ ಯಂತ್ರ ಇನ್ನೂ ಬಂದಿಲ್ಲ.) ಸ್ಟಾಫ್ ರೂಮಿನಲ್ಲಿ ನಾವೂ ನಕ್ಕೆವು. ನಕ್ಕು ಮೂರಕ್ಕೂ ನಾನು ಸಹಿ ಹಾಕಿದೆ. ಅಂಕಗಳನ್ನು ಕಳುಹಿಸಲು ಎರಡೇ ದಿನ ಉಳಿದಿತ್ತು, ಪ್ರಮಾಣಪತ್ರಗಳ ಮೇಲೆ ಸೀಲು ಸರಿಯಾಗಿತ್ತು, ಮಕ್ಕಳ ವರ್ಷ ಹಾಳಾಗಬಾರದು ಎಂಬ ಕರುಣೆಯೂ ಇತ್ತು. ಆ ಕರುಣೆ ಯಾರ ಮೇಲಿನದು ಎಂದು ಆಮೇಲೆ ಯೋಚಿಸಿದ್ದೇನೆ.

ಆ ಮೂವರಲ್ಲಿ ಒಬ್ಬಳು ಕಳಸದ ಕಡೆಯ ಹುಡುಗಿ. ಪಾಸಾದಳು. ಮರುವರ್ಷ ಚಿಕ್ಕಮಗಳೂರಿನಲ್ಲೇ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಪ್ರಮಾಣಪತ್ರ ನೋಡಿ, ಇವಳಿಗೆ ಅನುಭವ ಇದೆ ಎಂದುಕೊಂಡು ತೆಗೆದುಕೊಂಡರು. ಕ್ಯಾಶ್ ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆ ಹಾಕುವ ಕೆಲಸ ಕೊಟ್ಟರು. ನಮ್ಮ ಪಾಠದಲ್ಲಿ ಅದು ಇದೆ, ಪರೀಕ್ಷೆಯಲ್ಲಿ ಎಂಟು ಅಂಕದ ಲೆಕ್ಕವಾಗಿಯೂ ಬರುತ್ತದೆ. ಆದರೆ ಪರೀಕ್ಷೆಯ ಲೆಕ್ಕದಲ್ಲಿ ವ್ಯತ್ಯಾಸಗಳೇನೆಂದು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಕಚೇರಿಯಲ್ಲಿ ಅದನ್ನು ನಾವೇ ಹುಡುಕಬೇಕು. ಮೂರನೆಯ ವಾರ ಅವಳನ್ನು ಮನೆಗೆ ಕಳುಹಿಸಿದರು.

ಅವಳ ತಂದೆ ಕಾಲೇಜಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತು, ಚೀಲದಿಂದ ಆ ವರದಿಯನ್ನೇ ತೆಗೆದು, ಕೊನೆಯ ಪುಟ ತೆರೆದು ತೋರಿಸಿದರು. "ಸಾರ್, ಇದು ನಿಮ್ಮ ಸೈನ್ ಅಲ್ವಾ? ಅವಳಿಗೆ ಕೆಲಸ ಬರುತ್ತೆ ಅಂತ ನೀವು ಬರೆದುಕೊಟ್ಟಿದ್ದೀರಿ ಅಂತ ನಾನು ತಿಳಿದಿದ್ದೆ."

ನನ್ನ ಬಳಿ ಉತ್ತರವಿರಲಿಲ್ಲ. ತರಬೇತಿಗೆ ಅವಳು ಯಾಕೆ ಹೋಗಲಿಲ್ಲ ಎಂದು ಅವತ್ತು ಮೊದಲ ಸಲ ಕೇಳಿದೆ. ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲ್ ಖಾಲಿ ಮಾಡಿಸಿದ್ದರು. ಒಂದು ತಿಂಗಳ ಮಟ್ಟಿಗೆ ಹೆಣ್ಣುಮಗಳಿಗೆ ರೂಮು ಕೊಡುವವರು ಸಿಗಲಿಲ್ಲ. "ದಿನಾ ಹೋಗಿ ಬರೋದು ಹೆಂಗೆ ಸಾರ್? ಗೊತ್ತಿದ್ದವರ ಹತ್ರ ಹೇಳಿ ಸರ್ಟಿಫಿಕೇಟ್ ಮಾಡಿಸಿದೆ. ಎಲ್ಲರೂ ಹಂಗೇ ಮಾಡಿಸ್ತಾರೆ ಅಂದ್ರು." ನಾನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿದ್ದ ವಿಷಯ ಅದು.

ಇನ್ನು ವಿಷಯಕ್ಕೆ ಬರುತ್ತೇನೆ. ತರಬೇತಿಯನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಪ್ರಪಂಚದಲ್ಲಿ ಬಹಳ ಜನ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು 1959ರಲ್ಲಿ ನಾಲ್ಕು ಹಂತಗಳನ್ನು ಹೇಳಿದರು. ಈಗಲೂ ಬಹುತೇಕ ಎಲ್ಲ ಕಡೆ ಅದನ್ನೇ ಹೇಳುತ್ತಾರೆ. ತರಬೇತಿ ಪಡೆದವನಿಗೆ ಅದು ಹಿಡಿಸಿತೇ? ಏನಾದರೂ ಕಲಿತನೇ? ಕಲಿತದ್ದನ್ನು ಕೆಲಸದ ಜಾಗದಲ್ಲಿ ಮಾಡುತ್ತಿದ್ದಾನೆಯೇ? ಅದರಿಂದ ಕೊನೆಗೆ ಏನಾದರೂ ಫಲ ಬಂತೇ? ಪುಸ್ತಕದಲ್ಲಿ ಓದಿದರೆ ಒಣ ಮಾತು. ನಮ್ಮ ತೋಟಕ್ಕೆ ತಂದು ನೋಡೋಣ.

ಮಳೆಗಾಲಕ್ಕೆ ಮುಂಚೆ ಅರೇಬಿಕಾ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಎಲೆ ತುಕ್ಕು ರೋಗ ಬರದಿರಲಿ ಎಂದು. ಅರ್ಧ ಪರ್ಸೆಂಟ್ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಇನ್ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಹೊಳೆಯುವ ಒಂದು ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಾಕದೆ ಹೊಡೆದರೆ ಎಲೆ ಸುಡುತ್ತದೆ.

ಒಬ್ಬ ಹುಡುಗನನ್ನು ಈ ಕೆಲಸ ಕಲಿಯಲು ಒಂದು ವಾರ ಕಳುಹಿಸಿದಿರಿ ಎನ್ನಿ. ಬಂದ ಮೇಲೆ "ಹೇಗಿತ್ತಪ್ಪಾ?" ಎಂದು ಕೇಳಿದರೆ "ಚೆನ್ನಾಗಿತ್ತು ಸರ್, ಊಟ ಒಳ್ಳೆಯದಿತ್ತು" ಎನ್ನುತ್ತಾನೆ. ಅದು ಮೊದಲನೆಯ ಹಂತ. ಅಳತೆ ಕೇಳಿದರೆ ಒಂದು, ಒಂದು, ಇನ್ನೂರು ಎಂದು ಸರಿಯಾಗಿ ಹೇಳುತ್ತಾನೆ. ಅದು ಎರಡನೆಯದು. ಮೂರನೆಯದು ಬೇರೆ. ಆರು ತಿಂಗಳ ನಂತರ ಅವನು ಒಂದು ತೋಟದಲ್ಲಿ ರೈಟರ್ ಆಗಿದ್ದಾನೆ. ಮೋಡ ಕವಿದಿದೆ, ಸ್ಪ್ರೇ ಮಾಡುವ ಆಳುಗಳು ಕಾಯುತ್ತಿದ್ದಾರೆ, ಸಾಹುಕಾರರು ಫೋನಿನಲ್ಲಿ ಬೇಗ ಬೇಗ ಎನ್ನುತ್ತಿದ್ದಾರೆ. ಆಗ ಅವನು ಚಾಕು ಅದ್ದುತ್ತಾನೋ ಇಲ್ಲವೋ? ನನ್ನ ಅಭಿಪ್ರಾಯದಲ್ಲಿ ಇಡೀ ಮೌಲ್ಯಮಾಪನ ಇರುವುದು ಆ ಚಾಕುವಿನಲ್ಲಿ. ನಮ್ಮ ಕಾಲೇಜುಗಳ ಫಾರಂಗಳು ಒಂದು ಮತ್ತು ಎರಡನೆಯ ಹಂತದಲ್ಲೇ ನಿಂತುಬಿಡುತ್ತವೆ. ಯಾಕೆಂದರೆ ಮೂರನೆಯದನ್ನು ನೋಡಬೇಕಾದರೆ ಯಾರಾದರೂ ಆರು ತಿಂಗಳ ನಂತರ ತೋಟಕ್ಕೆ ಹೋಗಬೇಕು.

ನಾಲ್ಕನೆಯ ಹಂತ, ಅಂದರೆ ಫಲ, ಕೇಳಲು ಚೆಂದ. ಆ ವರ್ಷ ತುಕ್ಕು ರೋಗ ಕಡಿಮೆಯಾಯಿತೇ ಎಂದು ನೋಡಿದರಾಯಿತು ಎನ್ನುತ್ತಾರೆ. ಆದರೆ ಆ ವರ್ಷ ಮಳೆಯ ರೀತಿ ಬೇರೆಯಾಗಿದ್ದಿರಬಹುದು. ಸಾಹುಕಾರರು ಹಳೆಯ ಗಿಡ ತೆಗೆಸಿ ಚಂದ್ರಗಿರಿ ಹಾಕಿಸಿರಬಹುದು. ಚಂದ್ರಗಿರಿ ತುಕ್ಕನ್ನು ತಡೆದುಕೊಳ್ಳಲಿ ಎಂದೇ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ತಳಿ. ಹಾಗಿರುವಾಗ ರೋಗ ಕಡಿಮೆಯಾದ ಕೀರ್ತಿ ತಳಿಗೋ, ಮಳೆಗೋ, ನಮ್ಮ ಹುಡುಗನ ತರಬೇತಿಗೋ? ಪಕ್ಕದ ತೋಟದ ಸ್ಥಿತಿ, ಇದೇ ತೋಟದ ಹಿಂದಿನ ವರ್ಷಗಳ ಲೆಕ್ಕ, ಇವನ್ನು ಜೊತೆಗಿಟ್ಟು ನೋಡದೆ ಹೇಳಲು ಬರುವುದಿಲ್ಲ. ತರಬೇತಿ ಕೊಟ್ಟವರು ಪತ್ರಿಕೆಯಲ್ಲಿ ಫಲಿತಾಂಶದ ಜಾಹೀರಾತು ಹಾಕಿದಾಗ ಇದನ್ನು ನೆನಪಿಡಿ.

ಇನ್ನೂ ಒಂದು ಸೂಕ್ಷ್ಮ ಇದೆ. ತರಬೇತಿ ಯಶಸ್ವಿಯಾದಾಗ ಕೆಲವೊಮ್ಮೆ ಅಂಕಿಗಳು ಕೆಟ್ಟದಾಗಿ ಕಾಣುತ್ತವೆ. ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತೇ ಇದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಕಾಲದಲ್ಲಿ ದುಂಬಿ ಹೊರಬಂದು ಹಾರುತ್ತದೆ. ಅದಕ್ಕೆ ಮುಂಚೆ ಗಿಡಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬು ಗೆರೆ ಇದ್ದವನ್ನು ಗುರುತಿಸಿ, ಕಿತ್ತು ಸುಡಬೇಕು. ಕಣ್ಣು ಪಳಗದವನು ಒಂದು ಎಕರೆಯಲ್ಲಿ ನಾಲ್ಕು ಬೋರರ್ ಗಿಡ ಹಿಡಿದರೆ, ಪಳಗಿದವನು ಅದೇ ಎಕರೆಯಲ್ಲಿ ಹತ್ತು ಹಿಡಿಯುತ್ತಾನೆ. ಲೆಕ್ಕದ ಪುಸ್ತಕ ಮಾತ್ರ ನೋಡುವ ಮಾಲೀಕ "ಇವನು ಬಂದ ಮೇಲೆ ಬೋರರ್ ಜಾಸ್ತಿಯಾಯಿತು" ಎಂದುಕೊಳ್ಳಬಹುದು. ನರ್ಸಿಂಗ್‌ನಲ್ಲೂ ಹೀಗೆಯೇ. ಚೆನ್ನಾಗಿ ತರಬೇತಾದ ವಾರ್ಡಿನಲ್ಲಿ ಔಷಧಿ ಕೊಡುವಾಗ ಆದ ತಪ್ಪುಗಳು ಹೆಚ್ಚು ದಾಖಲಾಗುತ್ತವೆ, ಯಾಕೆಂದರೆ ಅಲ್ಲಿ ಮುಚ್ಚಿಡುವುದಿಲ್ಲ. ಆದ್ದರಿಂದ ಅಂಕಿ ಏರಿತೋ ಇಳಿಯಿತೋ ಎನ್ನುವುದಕ್ಕಿಂತ ಮೊದಲು, ಆ ಅಂಕಿ ಏನನ್ನು ಎಣಿಸುತ್ತಿದೆ ಎಂದು ಕೇಳಬೇಕು.

ಈಗ ಬೇರೆ ಬೇರೆ ಶಾಖೆಗಳ ವಿಷಯ. ಎಲ್ಲದಕ್ಕೂ ಒಂದೇ ಫಾರಂ ಆಗುವುದಿಲ್ಲ ಎನ್ನುವುದೇ ನನ್ನ ಮುಖ್ಯ ವಾದ. ಕಾಫಿ, ಮೆಣಸು, ಏಲಕ್ಕಿ, ಅಡಿಕೆ ಇವನ್ನು ಒಂದೇ ಜರಡಿಯಲ್ಲಿ ಹಿಡಿದರೆ ಏನಾದೀತು?

ಡಿ.ಫಾರ್ಮಾ ಓದುವವರ ನಿಯಮ ನನಗೆ ಬಹಳ ಹಿಡಿಸಿದೆ. 1991ರ ಶಿಕ್ಷಣ ನಿಯಮಾವಳಿಯಲ್ಲೇ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ, ಎಂದು ಹೇಳಿ, ಅಲ್ಲಿಗೇ ಬಿಡದೆ, ಅದರಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧಿ ಕೊಡುವ ಕೆಲಸವನ್ನೇ ಮಾಡಿರಬೇಕು ಎಂದಿದ್ದಾರೆ. ಅಂದರೆ ಅಂಗಡಿಯಲ್ಲಿ ಕುಳಿತದ್ದು ಬೇರೆ, ಚೀಟಿ ಕೈಗೆ ತೆಗೆದುಕೊಂಡದ್ದು ಬೇರೆ ಎಂದು ನಿಯಮವೇ ಗುರುತಿಸಿದೆ. ನಿಯಮ ಪಾಲನೆಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆದರೆ ಕೇಳಬೇಕಾದ ಪ್ರಶ್ನೆ ಏನು ಎಂದು ಅವರಿಗೆ ಗೊತ್ತಿತ್ತು.

ಕಾಫಿಯ ರುಚಿ ನೋಡುವ ವಿದ್ಯೆ ಇನ್ನೂ ಒಳ್ಳೆಯ ಉದಾಹರಣೆ. ಕಾಫಿ ಮಂಡಳಿಯವರು ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಾರೆ. ಅದರ ಸ್ವಲ್ಪ ಭಾಗ ನಮ್ಮ ಬಾಳೆಹೊನ್ನೂರಿನಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. ವಿಜ್ಞಾನದ ಪದವೀಧರರು ಇದನ್ನು ಗಮನಿಸಿ. ರುಚಿ ನೋಡುವವರನ್ನು ಪರೀಕ್ಷಿಸುವ ಒಂದು ಕ್ರಮ ಇದೆ. ಮೂರು ಕಪ್ ಇಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಹೀಗೆ ಹಲವು ಬಾರಿ. ಇಲ್ಲಿ ಶಿಫಾರಸು ನಡೆಯುವುದಿಲ್ಲ, ಸೀಲೂ ನಡೆಯುವುದಿಲ್ಲ. ನಾಲಿಗೆ ಪಳಗಿದ್ದರೆ ಪಳಗಿದೆ, ಇಲ್ಲದಿದ್ದರೆ ಇಲ್ಲ. ಪ್ರತಿ ಶಾಖೆಯಲ್ಲೂ ಇಂಥದೊಂದು 'ಮೂರು ಕಪ್' ಪರೀಕ್ಷೆಯನ್ನು ನಾವು ಹುಡುಕಿಕೊಳ್ಳಬೇಕು. ಬಿ.ಕಾಂ. ಹುಡುಗಿಗೆ ಒಂದು ನಿಜವಾದ ಪಾಸ್‌ಬುಕ್, ಒಂದು ನಿಜವಾದ ಕ್ಯಾಶ್ ಪುಸ್ತಕ, ಒಂದು ಗಂಟೆ ಸಮಯ. ಅಷ್ಟು ಸಾಕಾಗುತ್ತಿತ್ತು. ನಾನು ಅವತ್ತು ಕೊಡಲಿಲ್ಲ.

ಬಿ.ಎಡ್. ಕೋರ್ಸನ್ನು 2014ರ ನಿಯಮಗಳ ಪ್ರಕಾರ ಎರಡು ವರ್ಷಕ್ಕೆ ಏರಿಸಿ, ಶಾಲೆಯಲ್ಲಿನ ಇಂಟರ್ನ್‌ಶಿಪ್ 20 ವಾರ ಎಂದು ಮಾಡಿದರು. ಒಳ್ಳೆಯದೇ. ಆದರೆ ಅಲ್ಲಿ ಎಣಿಸುವುದು ಪಾಠಯೋಜನೆಗಳನ್ನು. ಚೆಂದದ ಅಕ್ಷರದಲ್ಲಿ ಬರೆದ ಪಾಠಯೋಜನೆಯ ಪುಸ್ತಕಗಳನ್ನು ನಾನು ನೋಡಿದ್ದೇನೆ. ಅದರ ಬದಲು ಅವರು ಪಾಠ ಮಾಡಿದ ತರಗತಿಯ ಹತ್ತು ಮಕ್ಕಳ ನೋಟ್‌ಬುಕ್ ತರಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಇಂಜಿನಿಯರಿಂಗ್ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಇಂಟರ್ನ್‌ಶಿಪ್ ಹೆಸರಿನಲ್ಲಿ ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಿಕೊಂಡು, ಒಂದು ಹಾಲಿನಲ್ಲಿ ಕೂರಿಸಿ ಅಥವಾ ಕಂಪ್ಯೂಟರಿನಲ್ಲಿ ವಿಡಿಯೋ ತೋರಿಸಿ ಪ್ರಮಾಣಪತ್ರ ಕೊಡುವವರು ಹುಟ್ಟಿಕೊಂಡಿದ್ದಾರೆ. ಅದು ಟ್ಯೂಷನ್. ಕೆಲಸದ ಜಾಗವಲ್ಲ. ಅದಕ್ಕೆ ನಮ್ಮ ಸಂಘದ ಹಣ ಹೋಗಬಾರದು. ವೈದ್ಯಕೀಯದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಲ್ಲಿ ಒಂದು ಪೂರ್ತಿ ವರ್ಷದ ಇಂಟರ್ನ್‌ಶಿಪ್ ಇದೆ, ನೋಡಿಕೊಳ್ಳುವವರೂ ಇದ್ದಾರೆ. ಕಲಾ ವಿಭಾಗದವರಿಗೆ ಯಾವ ಕೆಲಸದ ಜಾಗ ಎಂದು ಕೇಳುವವರಿದ್ದಾರೆ. ಗ್ರಾಮ ಪಂಚಾಯಿತಿ ಇದೆ, ಗ್ರಂಥಾಲಯ ಇದೆ, ಪತ್ರಿಕೆಯ ಕಚೇರಿ ಇದೆ. ಒಂದು ಸಭೆಯ ನಡವಳಿಯನ್ನು ತಪ್ಪಿಲ್ಲದೆ ಬರೆಯಲು ಬಂದರೆ ಅದು ಸಣ್ಣ ವಿದ್ಯೆಯಲ್ಲ. ನಮ್ಮ ಸಂಘದ ನಡವಳಿ ಪುಸ್ತಕ ನೋಡಿದವರಿಗೆ ಅದು ಗೊತ್ತು.

ಮೂಡಿಗೆರೆಯ ತೋಟಗಾರಿಕೆ ಕಾಲೇಜಿನ ಮಕ್ಕಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿನ ಪದ್ಧತಿಯಲ್ಲಿ ಉಳಿದವರು ಕಲಿಯಬೇಕಾದದ್ದಿದೆ. ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುವ ಕಾಲೇಜು ಅದು. ಕೃಷಿ, ತೋಟಗಾರಿಕೆ ಓದುವವರು ಅಂತಿಮ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಕಾರ್ಯಕ್ರಮ ದೇಶದಲ್ಲಿ ಹಿಂದಿನಿಂದಲೂ ಇದೆ. 2015ರಲ್ಲಿ ಅದನ್ನು 'ಸ್ಟೂಡೆಂಟ್ ರೆಡಿ' ಎಂಬ ಹೊಸ ಹೆಸರಿನ ಕೆಳಗೆ ತಂದರು. ಇಲ್ಲಿ ವಿಶೇಷವೇನೆಂದರೆ ಪರೀಕ್ಷಕ ಕಾಲೇಜಿನ ಮೇಷ್ಟರು ಮಾತ್ರವಲ್ಲ. ರೈತನೂ ಪರೀಕ್ಷಕನೇ. "ಮೆಣಸಿನ ಬಳ್ಳಿ ಹಳದಿಯಾಗುತ್ತಿದೆ, ಯಾಕೆ ಹೇಳು" ಎಂದು ಅವನು ಕೇಳಿದಾಗ, ಪುಸ್ತಕದ ಐದನೇ ಅಧ್ಯಾಯದಲ್ಲಿದೆ ಎಂದು ಹೇಳುವಂತಿಲ್ಲ. ಬುಡ ಕೆದಕಿ ಬೇರು ನೋಡಬೇಕು. ತಪ್ಪು ಹೇಳಿದರೆ ಮುಂದಿನ ವಾರವೂ ಅದೇ ರೈತನ ಮುಖ ನೋಡಬೇಕು. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ರೈತರ ಮನೆಯಲ್ಲಿ ಉಂಡು, ಚಾರ್ಟ್ ಬರೆದು, ಫೋಟೋ ತೆಗೆದು ಬಂದವರೂ ಇದ್ದಾರೆ.

ಒಂದೇ ಕಾಲೇಜಿನ ಇಬ್ಬರು, ಒಂದೇ ಅಂಕದವರು, ಒಬ್ಬ ಕಲಿತು ಬರುತ್ತಾನೆ, ಇನ್ನೊಬ್ಬ ಖಾಲಿ ಕೈಯಲ್ಲಿ ಬರುತ್ತಾನೆ. ಯಾಕೆ? 1988ರಲ್ಲಿ ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಇಬ್ಬರು ವಿದ್ವಾಂಸರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಕಲಿಯುವವನ ಗುಣ, ತರಬೇತಿಯ ರೀತಿ, ಇವೆರಡರ ಜೊತೆಗೆ ಮೂರನೆಯದೊಂದನ್ನು ಮುಂದಿಟ್ಟರು: ಕೆಲಸದ ಜಾಗದ ವಾತಾವರಣ. ಮೇಲಿನವರ ಬೆಂಬಲ ಇದೆಯೇ, ಕಲಿತದ್ದನ್ನು ಮಾಡಿ ನೋಡಲು ಅವಕಾಶ ಸಿಗುತ್ತದೆಯೇ? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟರೋ, ಟೀ ತರಲು ಫ್ಲಾಸ್ಕ್ ಕೊಟ್ಟರೋ? ಹುಡುಗ ಮೂರು ತಿಂಗಳು ಝೆರಾಕ್ಸ್ ಮಾಡಿಕೊಂಡಿದ್ದರೆ ಕಡಿಮೆ ಅಂಕ ಕೊಡಬೇಕಾದದ್ದು ಅವನಿಗಲ್ಲ, ಆ ಕಚೇರಿಗೆ. ನಮ್ಮ ಯಾವ ಫಾರಂನಲ್ಲೂ ಕಚೇರಿಗೆ ಅಂಕ ಕೊಡುವ ಜಾಗವಿಲ್ಲ.

ಈ ಎಚ್ಚರಿಕೆ ಹೊಸದೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರ ಮುಂದಿಟ್ಟಾಗ, ಅದನ್ನು ಪಠ್ಯಕ್ರಮವಾಗಿ ರೂಪಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನ್, ಮುಂದೆ ನಮ್ಮ ರಾಷ್ಟ್ರಪತಿಗಳಾದವರು. ಮಕ್ಕಳು ನೂತ ನೂಲಿನ ಆದಾಯದಿಂದಲೇ ಶಾಲೆ ನಡೆಯಬೇಕು ಎಂಬ ಆಸೆ ಆಗ ಬಲವಾಗಿತ್ತು. ಸಮಿತಿಯ ವರದಿ ಯೋಜನೆಯನ್ನು ಒಪ್ಪಿಕೊಂಡೇ ಒಂದು ಅಪಾಯವನ್ನು ಹೇಳಿತು. ದುಡಿಮೆಯ ಲೆಕ್ಕವೇ ದೊಡ್ಡದಾಗಿ, ಮಗು ಏನು ಕಲಿಯಿತು ಎಂಬುದು ಹಿಂದೆ ಬೀಳಬಹುದು ಎಂದು. ಇವತ್ತು ಇಂಟರ್ನ್ ಎಂಬ ಹೆಸರಿನಲ್ಲಿ ಸಂಬಳವಿಲ್ಲದ ಆಳನ್ನು ಹುಡುಕುವ ಜಾಗಗಳನ್ನು ಕಂಡಾಗ ಆ ಮಾತು ನೆನಪಾಗುತ್ತದೆ.

ಸಂಬಳದ ಮಾತು ಬಂದದ್ದರಿಂದ ಒಂದು ಮಾಹಿತಿ. 1961ರ ಅಪ್ರೆಂಟಿಸ್ ಕಾಯಿದೆ ಐ.ಟಿ.ಐ.ಯವರಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 1973ರ ತಿದ್ದುಪಡಿಯಲ್ಲೇ ಪದವೀಧರ ಮತ್ತು ಡಿಪ್ಲೊಮಾ ಇಂಜಿನಿಯರುಗಳು ಅದರೊಳಗೆ ಬಂದರು, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದರು. ಅಲ್ಲಿ ಬರಹದ ಒಪ್ಪಂದ ಇರುತ್ತದೆ. ಶುಲ್ಕ ಕಟ್ಟಿ ತರಬೇತಿ ಪಡೆಯುವ ಮೊದಲು ಈ ದಾರಿಯನ್ನು ನೋಡಿ. ಅರ್ಜಿ ತುಂಬಲು ಸಹಾಯ ಬೇಕಾದವರು ಸಂಘದ ಕಚೇರಿಗೆ ಬನ್ನಿ.

ಈಗ ಕಳಸದ ಆ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅವಳ ತಂದೆಯ ಜೊತೆ ಅವತ್ತು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಕುಳಿತಾಗ ತಿಳಿದದ್ದು ಇದು. ಅವರದು ಮೆಣಸು, ಅಡಿಕೆ ಕೊಳ್ಳುವ ಸಣ್ಣ ಅಂಗಡಿ. ಪಿ.ಯು.ಸಿ. ಓದುವಾಗಿನಿಂದ ಅಂಗಡಿಯ ಉದ್ರಿ ಪುಸ್ತಕ ಬರೆಯುತ್ತಿದ್ದವಳು ಇದೇ ಹುಡುಗಿ. ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರ ಮೆಣಸಿನಲ್ಲಿ ಎಷ್ಟು ಪೊಳ್ಳು ಬಂತು, ಯಾವ ದುಡ್ಡು ಬ್ಯಾಂಕಿಗೆ ಹೋಯಿತು, ಯಾವುದು ಕೈಯಲ್ಲಿ ಉಳಿಯಿತು, ಎಲ್ಲ ಅವಳ ಬಾಯಲ್ಲೇ ಇತ್ತು. ಅಂದರೆ ಅವಳು ಕೆಲಸದ ಜಾಗದಲ್ಲೇ ಬೆಳೆದವಳು. ಆ ಪುಸ್ತಕಕ್ಕೂ ಕಚೇರಿಯಲ್ಲಿ ಕೊಟ್ಟ ಪುಸ್ತಕಕ್ಕೂ ನಡುವೆ ಇದ್ದದ್ದು ಒಂದೇ ಹೆಜ್ಜೆ. ಆ ಹೆಜ್ಜೆ ಇಡಿಸಬೇಕಾದವನು ನಾನಾಗಿದ್ದೆ. ಅಪ್ಪನ ಅಂಗಡಿಯನ್ನೇ ತರಬೇತಿಯ ಜಾಗವೆಂದು ಒಪ್ಪಿ, ಈ ಮೂರು ತಿಂಗಳ ಉದ್ರಿ ಪುಸ್ತಕವನ್ನು ಪಾಸ್‌ಬುಕ್ಕಿನ ಜೊತೆ ತಾಳೆ ಹಾಕಿ ತಾ ಎಂದಿದ್ದರೆ, ಸುಳ್ಳು ವರದಿಯ ಅಗತ್ಯವೇ ಇರಲಿಲ್ಲ. ಆದರೆ ನಮ್ಮ ನಿಯಮಕ್ಕೆ ದೊಡ್ಡ ಬೋರ್ಡು ಇರುವ ಸಂಸ್ಥೆಯ ಸೀಲು ಬೇಕಿತ್ತು.

ಇದು ಒಬ್ಬಳ ಕಥೆಯಲ್ಲ. 2006ರ ಸಾಚಾರ್ ಸಮಿತಿಯ ವರದಿ, ದೇಶದ ಮುಸ್ಲಿಂ ದುಡಿಯುವವರಲ್ಲಿ ಶೇ. 61ರಷ್ಟು ಜನ ಸ್ವಂತ ಉದ್ಯೋಗದವರು ಎಂದು ತೋರಿಸಿತು. ಅಂಗಡಿ, ಗ್ಯಾರೇಜು, ಟೈಲರಿಂಗ್, ಮರಗೆಲಸ, ಲಾರಿ, ವ್ಯಾಪಾರ. ನಮ್ಮ ಬಹಳಷ್ಟು ಮಕ್ಕಳು ಎಸ್.ಎಸ್.ಎಲ್.ಸಿ.ಗೆ ಬರುವ ಮೊದಲೇ ಯಾವುದೋ ಒಂದು ಕೆಲಸದಲ್ಲಿ ಕೈ ಪಳಗಿಸಿರುತ್ತಾರೆ. ಅದನ್ನು ಅವರೂ ಹೇಳಿಕೊಳ್ಳುವುದಿಲ್ಲ, ನಾವೂ ಕೇಳುವುದಿಲ್ಲ. ಬಯೋಡಾಟಾದಲ್ಲಿ "ಅನುಭವ: ಇಲ್ಲ" ಎಂದು ಬರೆಯುತ್ತಾರೆ. ಮೊದಲೇ ಬಂದಿರುವ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೇಂದ್ರ ಸರ್ಕಾರದ ಕೌಶಲ್ಯ ಯೋಜನೆಯಲ್ಲಿ ಬಂದಿದೆ. ಗ್ಯಾರೇಜಿನ ಹುಡುಗರು ಅದನ್ನು ವಿಚಾರಿಸಬೇಕು. ಅಲ್ಲೂ ಅಷ್ಟೇ, ಸೀಲು ಹಾಕುವ ಮೊದಲು ಇಂಜಿನ್ ಬಿಚ್ಚಿಸಿ ನೋಡಿದರೆ ಮಾತ್ರ ಅದಕ್ಕೆ ಅರ್ಥ.

ಸಂಘದ ಸದಸ್ಯರಲ್ಲಿ ಒಂದು ಕೋರಿಕೆ ಇದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತರಬೇತಿಯ ಕಾಲಂ ಒಂದೇ ಸಾಲಿನದು. ಅದನ್ನು ಒಂದು ಪುಟ ಮಾಡೋಣ. ನೀನು ಯಾರೂ ಪಕ್ಕದಲ್ಲಿಲ್ಲದೆ ಮಾಡಬಲ್ಲ ಒಂದು ಕೆಲಸವನ್ನು ಬರೆ. ಅಲ್ಲಿ ನೀನು ಮಾಡಿದ ಒಂದು ತಪ್ಪನ್ನು ಬರೆ, ಯಾರು ತಿದ್ದಿದರು ಹೇಳು. ನಿನ್ನ ಕೈಗೆ ಏನು ಕೊಟ್ಟರು, ಏನು ಕೊಡಲಿಲ್ಲ? ನಿನ್ನ ತಮ್ಮನನ್ನೋ ತಂಗಿಯನ್ನೋ ಅದೇ ಜಾಗಕ್ಕೆ ಕಳುಹಿಸುತ್ತೀಯಾ? ತಪ್ಪು ಬರೆದವರಿಗೆ ವೇತನ ಕಡಿತವಾಗುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಮೇಲೆಯೇ ಅಚ್ಚು ಹಾಕಿಸಬೇಕು. ಇಲ್ಲದಿದ್ದರೆ ಎಲ್ಲರೂ "ಚೆನ್ನಾಗಿತ್ತು" ಎಂದೇ ಬರೆಯುತ್ತಾರೆ. ಆರು ತಿಂಗಳ ನಂತರ ಎಲ್ಲರಿಗೂ ಫೋನು ಮಾಡಬೇಕು. ಅವರಲ್ಲಿ ಬಹಳ ಚೆನ್ನಾಗಿ ಕಲಿತ ಇಬ್ಬರನ್ನು, ಏನೂ ಸಿಗದ ಇಬ್ಬರನ್ನು ಆರಿಸಿ, ಕೂರಿಸಿಕೊಂಡು ಒಂದು ಗಂಟೆ ಮಾತನಾಡಬೇಕು. ಅಮೆರಿಕದ ರಾಬರ್ಟ್ ಬ್ರಿಂಕರ್‌ಹಾಫ್ ಎಂಬವರು ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದ್ದಾರೆ. ಇದಕ್ಕೆ ಖರ್ಚಿಲ್ಲ. ಸರಾಸರಿ ಅಂಕಿ ಹೇಳದ ಎಷ್ಟೋ ವಿಷಯ ಆ ನಾಲ್ವರ ಬಾಯಿಂದ ಬರುತ್ತದೆ. ತರಬೇತಿಯ ತಿಂಗಳುಗಳಲ್ಲಿ ಕಳಸ, ಶೃಂಗೇರಿ, ಕೊಪ್ಪ ಕಡೆಯ ಹೆಣ್ಣುಮಕ್ಕಳು ಚಿಕ್ಕಮಗಳೂರಿನಲ್ಲಿ ಉಳಿಯಲು ಒಂದು ಮನೆ ಬೇಕು. ಇದು ಮೌಲ್ಯಮಾಪನದ ವಿಷಯವಲ್ಲ ಎನ್ನಬೇಡಿ. ಹೋಗಲಾಗದ ತರಬೇತಿಯನ್ನು ಏನೆಂದು ಅಳೆಯುತ್ತೀರಿ? ಊರಿನಲ್ಲಿ ದೊಡ್ಡ ಮನೆ ಇರುವ ಸದಸ್ಯರು ನನ್ನ ಕಡೆ ನೋಡುತ್ತಿಲ್ಲ, ಆದರೆ ನಾನು ನೋಡುತ್ತಿದ್ದೇನೆ.

ಮಕ್ಕಳೇ, ನಿಮ್ಮ ಜೇಬಿನಲ್ಲಿರುವ ಪ್ರಮಾಣಪತ್ರ ನಿಜವೋ ಅಲ್ಲವೋ ಎಂದು ನಾನು ಇವತ್ತು ಕೇಳುವುದಿಲ್ಲ. ಫೋನು ಮಾಡುವ ಕೆಲಸವನ್ನು ಈ ವರ್ಷ ನಾನೇ ವಹಿಸಿಕೊಂಡಿದ್ದೇನೆ. ನಿಮ್ಮೆಲ್ಲರ ನಂಬರಿನ ಪಟ್ಟಿ ಕಾರ್ಯದರ್ಶಿಗಳು ಕೊಟ್ಟಿದ್ದಾರೆ. ಸಂಜೆ ಏಳರ ಮೇಲೆ ಮಾಡುತ್ತೇನೆ. ಕಳಸ, ಕುದುರೆಮುಖದ ಕಡೆಯವರು ಸಿಗ್ನಲ್ ಸಿಗುವ ಜಾಗಕ್ಕೆ ಬಂದು ನೀವೇ ಒಂದು ಮಿಸ್ಡ್ ಕಾಲ್ ಕೊಡಿ. ಪಟ್ಟಿಯ ಮೊದಲನೆಯ ಹೆಸರು ಇಲ್ಲಿಂದ ಹೋದವರದಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೇನೆ. ಕಳಸದ ಆ ಅಂಗಡಿಯ ಲೆಕ್ಕವನ್ನು ಈಗ ಪೂರ್ತಿ ಅವಳೇ ನೋಡಿಕೊಳ್ಳುತ್ತಾಳೆ ಎಂದು ಕೇಳಿದ್ದೇನೆ. ಈ ಬೇಸಿಗೆಯಲ್ಲಿ ನಮ್ಮ ಇಬ್ಬರು ಬಿ.ಕಾಂ. ಹುಡುಗಿಯರನ್ನು ತನ್ನ ಅಂಗಡಿಗೆ ತರಬೇತಿಗೆ ತೆಗೆದುಕೊಳ್ಳುತ್ತಾಳೆಯೇ ಎಂದು ಕೇಳಬೇಕಾಗಿದೆ.